ಜರುಗದ ಮೂಳೆ

ನಮ್ಮ ಕ್ಲಿನಿಕ್ಕಿನ ಪಕ್ಕದ ಮೆಡಿಕಲ್ ಸ್ಟೋರಿನವರು ಮೊನ್ನೆಯಿಂದ ಅಂಗಡಿಯ ಬಾಗಿಲಿಗೆ ಸೊಂಟದ ಬೆಲ್ಟುಗಳನ್ನು ನೇತುಹಾಕಿದ್ದಾರೆ. ಮೈಬಣ್ಣದ ದಪ್ಪ ಎಲಾಸ್ಟಿಕ್ಕು, ಒಳಗೆ ಚಪ್ಪಟೆಯಾದ ಉಕ್ಕಿನ ಪಟ್ಟಿಗಳು, ತುದಿಯಲ್ಲಿ ಪರ್ರನೆ ಕಿತ್ತುಬರುವ ಅಂಟುಪಟ್ಟಿ. ಬಿಸಿಲು ಏರಿದಂತೆ ಅವುಗಳಿಂದ ಹೊಸ ರಬ್ಬರಿನ ವಾಸನೆ ಹೊರಡುತ್ತದೆ. ಆ ವಾಸನೆಗೆ ಒಂದಿಷ್ಟು ಪೌಡರು, ಒಂದಿಷ್ಟು ಬೆವರು ಸೇರಿಸಿದರೆ ನನ್ನ ಅಮ್ಮ. ಬೇರೆಯವರಿಗೆ ಅಮ್ಮ ಎಂದರೆ ಒಗ್ಗರಣೆಯೋ ಮಲ್ಲಿಗೆಯೋ ನೆನಪಾಗುತ್ತದಂತೆ. ನನಗೆ ಬೆಲ್ಟು. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಮುಂದೆ ಅಷ್ಟು ಅವಕಾಶ ಸಿಗಲಿಕ್ಕಿಲ್ಲ.

ನಾನು ಫಿಸಿಯೋಥೆರಪಿಸ್ಟ್. ಬೆನ್ನು, ಕತ್ತು, ಮಂಡಿ ಹಿಡಿದುಕೊಂಡು ಬಂದವರಿಗೆ ಒತ್ತಿ, ತೀಡಿ, ಎಳೆದು, ವ್ಯಾಯಾಮ ಹೇಳಿಕೊಡುವ ಕೆಲಸ. ಅದಕ್ಕೂ ಮೊದಲು ನಾನು ಚರ್ಚಾಸ್ಪರ್ಧೆಗಳ ಹುಡುಗಿ. ಚೀಟಿಯಲ್ಲಿ ಪರ ಬರಲಿ ವಿರೋಧ ಬರಲಿ, ಗಂಟೆ ಬಾರಿಸುವವರೆಗೆ ಮಾತಾಡಿ, ಒಂದು ಪ್ಲಾಸ್ಟಿಕ್ ಕಪ್ಪು ಎತ್ತಿಕೊಂಡು ಮನೆಗೆ ಬರುತ್ತಿದ್ದೆ. ಆ ಕಪ್ಪುಗಳಲ್ಲಿ ಅಪ್ಪನ ತಂಗಿ, ನಮ್ಮತ್ತೆ, ಹುಕ್ಕು, ಗುಂಡಿ, ಪಿನ್ನು ಹಾಕಿಡುತ್ತಿದ್ದಳು. ಕಪ್ಪು ಬರುವುದು ನಿಂತಿದೆ, ಚಟ ನಿಂತಿಲ್ಲ. ಯಾರಾದರೂ 'ಎಲ್ಲರೂ ಹಾಗೇ ಹೇಳ್ತಾರೆ' ಎಂದರೆ ಸಾಕು, 'ಎಲ್ಲರೂ ಅಂದ್ರೆ ಯಾರ್ಯಾರು?' ಎಂದು ಕೇಳಿ ಮದುವೆಮನೆಯ ಪಂಕ್ತಿಯಲ್ಲೂ ಊಟ ಕೆಡಿಸಬಲ್ಲೆ.

ನನ್ನ ಮೊದಲ ಚರ್ಚೆ ನಡೆದದ್ದು ಮೈಸೂರಿನ ಕೆಸರೆಯ ನಮ್ಮ ಮನೆಯಲ್ಲಿ, ನನಗೆ ಮಾತು ಬಂದ ಹೊಸತರಲ್ಲಿ. ವಿಷಯ: ಅಮ್ಮ ನನ್ನನ್ನು ಎತ್ತಿಕೊಳ್ಳಬೇಕು. ನಾನು ವಿಷಯದ ಪರವಾಗಿದ್ದೆ. ಸೋತೆ.

ಅಮ್ಮ ಎತ್ತಿಕೊಳ್ಳದಿರುವುದಕ್ಕೆ ಕಾರಣ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಾನು ಹುಟ್ಟಿದ ಮೇಲೆ ಅವಳಿಗೆ ಸೊಂಟನೋವು ಹಿಡಿಯಿತು. ಹಾಸಿಗೆಯಿಂದ ಏಳಲು ಗೋಡೆ ಹಿಡಿಯಬೇಕಿತ್ತು. ಯಾರೋ ಒಂಟಿಕೊಪ್ಪಲಿನಲ್ಲಿ ಒಬ್ಬರಿದ್ದಾರೆ, ಅವರ ಕೈ ಬಲು ಚೆನ್ನಾಗಿದೆ ಎಂದರು. ಅವರೂ ಫಿಸಿಯೋಥೆರಪಿಸ್ಟೇ, ನಮ್ಮ ಮನೆಯಲ್ಲಿ ಮಾತ್ರ ಅವರು ಯಾವತ್ತೂ 'ಸಾರ್'. ಅವರು ಅಮ್ಮನನ್ನು ಮಗ್ಗುಲಾಗಿ ಮಲಗಿಸಿ, ಭುಜ ಒಂದು ಕಡೆಗೆ, ಸೊಂಟ ಇನ್ನೊಂದು ಕಡೆಗೆ ತಿರುಗಿಸಿ ಒಮ್ಮೆ ಒತ್ತಿದರಂತೆ. ಟಕ್ ಎಂದು ಸದ್ದಾಯಿತಂತೆ. ಅವತ್ತು ಅಮ್ಮ ಗೋಡೆ ಹಿಡಿಯದೆ ಎದ್ದು ನಿಂತಳು. ಆಗ ಸರ್ ಹೇಳಿದ ಮಾತನ್ನು ಅಮ್ಮ ಎಷ್ಟು ಸಲ ಹೇಳಿದ್ದಾಳೆಂದರೆ ಅದು ನನಗೆ ಮಗ್ಗಿಯ ಹಾಗೆ ಬಾಯಿಪಾಠ. "ಮೂಳೆ ಜರುಗಿತ್ತು, ಕೂರಿಸಿದೀನಿ. ಬಗ್ಗಬೇಡಿ, ಭಾರ ಎತ್ತಬೇಡಿ. ಇನ್ನೊಂದು ಸಲ ಜರುಗಿದ್ರೆ ಕಾಲಿಗೇ ಬಂದ್ಬಿಡುತ್ತೆ, ಸ್ವಾಧೀನ ತಪ್ಪೋಗುತ್ತೆ."

ಆ ಮಾತಿನ ಮೇಲೆ ನಮ್ಮ ಮನೆ ನಡೆಯಿತು. ಬಿಂದಿಗೆ ಎತ್ತುವುದು ಅಪ್ಪನ ಪಾಲಿಗೆ. ಅವರು ಹೂಟಗಳ್ಳಿಯ ಫ್ಯಾಕ್ಟರಿಗೆ ಹೊರಡುವ ಮೊದಲು ನೀರು ತುಂಬಿಟ್ಟೇ ಹೋಗಬೇಕಿತ್ತು. ಅಮ್ಮನ ಸೊಂಟಕ್ಕೆ ಬೆಲ್ಟು ಬಂತು, ಕಸ ಗುಡಿಸಲು ಅವಳಿಗೆಂದೇ ಉದ್ದ ಹಿಡಿಯ ಪೊರಕೆ ಬಂತು. ನನ್ನನ್ನು ಎತ್ತುವುದು ಅತ್ತೆಯ ಪಾಲಿಗೆ. ಸೊಂಟ ಹೀಗಿರುವಾಗ ಇನ್ನೊಂದು ಮಗು ಬೇಡವೆಂದೂ ತೀರ್ಮಾನವಾಯಿತು. ಅತ್ತೆ ನನ್ನನ್ನು ಎತ್ತಿಕೊಂಡು ಬೀದಿಯೆಲ್ಲ ಸುತ್ತುತ್ತಾ ಹೇಳುತ್ತಿದ್ದಳು: "ನಿಮ್ಮವ್ವ ಗಾಜಿನ ಬಳೆ ಕಣಮ್ಮಿ. ಮುಟ್ಟುದ್ರೆ ಒಡ್ದೋಯ್ತಳೆ." ಅತ್ತೆ ಕೆಟ್ಟವಳಲ್ಲ. ಮೈಕೈ ನೋವು ಅವಳಿಗೂ ಇತ್ತು, ಅದನ್ನು ಕೇಳಿದವರು ಇರಲಿಲ್ಲ.

ನಮ್ಮ ಮನೆಯಲ್ಲಿ ನಾನು ಮಗುವಾಗಿದ್ದಾಗಿನ ಫೋಟೊಗಳು ಕೆಲವು ಇವೆ. ಎಲ್ಲದರಲ್ಲೂ ನಾನು ಅತ್ತೆಯ ಕಂಕುಳಲ್ಲಿ. ಅಮ್ಮ ಪಕ್ಕದಲ್ಲಿ ನೆಟ್ಟಗೆ, ಬೆಲ್ಟು ಕಟ್ಟಿಕೊಂಡವರು ನಿಲ್ಲುವ ಹಾಗೆ ನಿಂತು, ನನ್ನ ಒಂದು ಪಾದವನ್ನು ಹಿಡಿದುಕೊಂಡಿದ್ದಾಳೆ. ಫೋಟೊ ತೆಗೆಯುವವನು ಹಾಗೆ ನಿಲ್ಲಿಸಿರಬೇಕೆಂದು ಬಹಳ ದಿನ ಅಂದುಕೊಂಡಿದ್ದೆ. ಎಲ್ಲ ಫೋಟೊಗಳನ್ನೂ ಒಬ್ಬನೇ ತೆಗೆದಿರಲಾರ ಎಂದು ತಡವಾಗಿ ಹೊಳೆಯಿತು.

"ಅತ್ತೆ ಎತ್ಕೊತಾಳೆ, ನೀನ್ಯಾಕೆ ಎತ್ಕೊಳಲ್ಲ?" ಎಂದು ನಾನು ಕೇಳುತ್ತಿದ್ದೆ.

"ಸೊಂಟ ಜರುಗೋಯ್ತದೆ ಕಂದ."

"ಜರುಗ್ಲಿ ಬುಡು. ಸಾರ್ ಮತ್ತೆ ಕೂರಿಸ್ತಾರೆ."

ಅದು ಒಳ್ಳೆಯ ವಾದವೆಂದು ನನಗೆ ಈಗಲೂ ಅನ್ನಿಸುತ್ತದೆ. ಅಮ್ಮ ಮಂಚದ ಅಂಚಿನಲ್ಲಿ ಕೂತು "ಹತ್ಕೊಂಡು ಬಾ" ಎನ್ನುತ್ತಿದ್ದಳು. ನಾನು ಹತ್ತುತ್ತಿರಲಿಲ್ಲ. ಎತ್ತಿಕೊಳ್ಳುವುದಕ್ಕೂ ಹತ್ತಿಸಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಮಕ್ಕಳಿಗೆ ಚೆನ್ನಾಗಿ ಗೊತ್ತಿರುತ್ತದೆ. ಕೊನೆಗೆ ನಾನೇ ತೀರ್ಪು ಕೊಟ್ಟುಕೊಂಡೆ: ಅಮ್ಮನಿಗೆ ನಾನು ಅಷ್ಟೇನೂ ಬೇಡ. ಆ ತೀರ್ಪನ್ನು ಇಟ್ಟುಕೊಂಡೇ ಹೈಸ್ಕೂಲು, ಕಾಲೇಜು ಮುಗಿಸಿದೆ. ಅವಳ ಜೊತೆ ಜಗಳವಾಡಿದಾಗಲೆಲ್ಲ ನನ್ನ ದನಿಯಲ್ಲಿ ಅದು ಇರುತ್ತಿತ್ತು.

ಓದು ಮುಗಿಸಿ ನಾನು ಕೆಲಸಕ್ಕೆ ಸೇರಿದ್ದು ಆ ಸರ್ ಕ್ಲಿನಿಕ್ಕಿಗೇ. ಮೈಸೂರು ಅಷ್ಟು ಚಿಕ್ಕದು. ಅವರ ಕೈ ನಿಜಕ್ಕೂ ಚೆನ್ನಾಗಿತ್ತು, ಇದನ್ನು ಎದುರುಪಕ್ಷದವಳಾಗಿಯೂ ಒಪ್ಪುತ್ತೇನೆ. ಒತ್ತುವ ಮೊದಲು ಅಂಗೈಯನ್ನು ಬೆನ್ನಿನ ಮೇಲೆ ಸುಮ್ಮನೆ ಇಟ್ಟು ಕಾಯುತ್ತಿದ್ದರು, ಒಳಗೆ ಯಾರಾದರೂ ಇದ್ದಾರೆಯೇ ಎಂದು ಬಾಗಿಲು ತಟ್ಟಿ ಕಾಯುವವರ ಹಾಗೆ. ಶನಿವಾರ ಮಧ್ಯಾಹ್ನ ರೋಗಿಗಳು ಕಡಿಮೆ. ಆಗ ಟೀ ತರಿಸಿ ನಾನು ಹೊಸ ಸಂಶೋಧನೆಗಳನ್ನು ಓದಿ ಹೇಳುವುದು, ಅವರು ಅದನ್ನು ತಳ್ಳಿಹಾಕುವುದು ರೂಢಿಯಾಯಿತು.

"ಇದನ್ನ ಬರೆದೋರು ಒಂಟಿಕೊಪ್ಪಲಿನ ಒಂದು ಬೆನ್ನಾದ್ರೂ ಮುಟ್ಟಿದಾರೇನಮ್ಮ?"

"ಬೆನ್ನಿಗೆ ಊರಿರುತ್ತಾ ಸರ್?"

"ನನ್ನ ಹತ್ರ ಬಂದೋರು ವಾಸಿಯಾಗಿ ಹೋಗಿದಾರಲ್ಲ. ಅದು ಸಾಕ್ಷಿ ಅಲ್ವಾ?"

"ಬರದೇ ಇದ್ದೋರೂ ವಾಸಿಯಾಗಿದಾರೆ ಸರ್. ಅವರು ನಿಮಗೆ ಬಂದು ಹೇಳಲ್ಲ ಅಷ್ಟೆ. ವಾಸಿಯಾಗದೆ ಇದ್ದೋರು ಬೇರೆ ಕಡೆ ಹೋದ್ರು, ಅವರೂ ಹೇಳಲ್ಲ."

ಅವರು ಟೀ ಲೋಟವನ್ನು ಕೆಳಗಿಟ್ಟರು. "ನಿನ್ನ ಮದ್ವೆಯಾಗೋನು ಪುಣ್ಯವಂತ ಕಣಮ್ಮ" ಎಂದರು. ಆದರೆ ನಾನು ಓದುತ್ತಿದ್ದುದನ್ನು ನನ್ನ ಕೈಯಿಂದ ಇಸಿದುಕೊಂಡು ಮನೆಗೆ ಒಯ್ದರು. ಅವರಲ್ಲಿ ನನಗೆ ಇಷ್ಟವಾಗಿದ್ದು ಇದು. ಸೋಲುವುದಕ್ಕೆ ಹೆದರಿ ಕಿವಿ ಮುಚ್ಚಿಕೊಳ್ಳುವ ಜಾತಿ ಅವರದಲ್ಲ.

ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ನೋಡಿದರೆ ಸಿಗುವ ಮಾತು ಬಹಳ ಸರಳ. ಆ ಟಕ್ ಎನ್ನುವ ಸದ್ದು ಮೂಳೆ ಜಾಗಕ್ಕೆ ಬಂದ ಸದ್ದಲ್ಲ, ಕೀಲಿನೊಳಗಿನ ಗಾಳಿಗುಳ್ಳೆಯದು. ಇಂಥ ಸೊಂಟನೋವಿನಲ್ಲಿ ಮೂಳೆ ಜರುಗುವುದೂ ಇಲ್ಲ, ಕೂರುವುದೂ ಇಲ್ಲ. ಕೈಯಿಂದ ಒತ್ತಿದಾಗ ನೋವು ತಗ್ಗುವುದು ಸುಳ್ಳಲ್ಲ, ಆದರೆ ಅದು ಸ್ವಲ್ಪ ದಿನದ ಮಾತು. ನಿಧಾನವಾಗಿ ಬಗ್ಗಿ, ಎತ್ತಿ, ಓಡಾಡಿ ಮೊದಲಿನ ಬದುಕಿಗೆ ಮರಳಿದವರ ಗತಿಯೇ ಮೇಲು. 'ಜರುಗಿದೆ, ಹುಷಾರು' ಎಂದು ಕೇಳಿಸಿಕೊಂಡವರು ಹೆದರುತ್ತಾರೆ, ಹೆದರಿದ ಬೆನ್ನು ಹೆಚ್ಚು ಕಾಲ ನೋಯುತ್ತದೆ.

ಕೆಲವು ವಾರಗಳ ಮೇಲೆ ಸರ್ ಕೇಳಿದರು: "ಹಾಗಾದ್ರೆ ಕೈ ಕಟ್ಕೊಂಡು ಕೂರೋದಾ?"

"ಕೈ ಇರಲಿ ಸರ್. ಕೈ ಇಟ್ಟು ಏನು ಹೇಳ್ತೀವೋ ಅದು ಬದಲಾಗಲಿ."

"ಹೊಸಬರಿಗೆ ಬದಲಾಯಿಸಬಹುದು. ಹಳಬರಿಗೆ?"

ಈ ಪ್ರಶ್ನೆ ಬಂದೇ ಬರುತ್ತದೆಂದು ನನಗೆ ಗೊತ್ತಿತ್ತು, ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. "ನಮ್ಮಮ್ಮನಿಂದ ಶುರು ಮಾಡಿ ಸರ್" ಎಂದೆ. ಅವರಿಗೆ ನೆನಪಿರಲಿಲ್ಲ. ನೆನಪಿರಬೇಕೆಂದೂ ಇಲ್ಲ, ಅಂಥ ಬೆನ್ನುಗಳು ಅವರ ಕೈಯಲ್ಲಿ ಎಷ್ಟೋ ಹೋಗಿದ್ದವು. ಎಲ್ಲವನ್ನೂ ಹೇಳಿದೆ. ಅವರು ಬೇರೇನೂ ಕೇಳಲಿಲ್ಲ. "ಮತ್ತೆ ನಿನ್ನನ್ನ ಯಾರು ಎತ್ಕೊಂಡ್ರು?" ಎಂದು ಮಾತ್ರ ಕೇಳಿದರು.

ಆ ಭಾನುವಾರ ಅವರು ತಮ್ಮ ಹಳೆಯ ಸ್ಕೂಟರಿನಲ್ಲಿ ಕೆಸರೆಗೆ ಬಂದರು. ಅಮ್ಮ ಉಪ್ಪಿಟ್ಟು ಮಾಡಿದ್ದಳು. ತನ್ನನ್ನು ಎಬ್ಬಿಸಿ ನಿಲ್ಲಿಸಿದವರು, ಮಗಳಿಗೆ ಕೆಲಸ ಕೊಟ್ಟವರು. ಅವಳಿಗೆ ಎಲ್ಲಿ ಕೂರಿಸಬೇಕೆಂದೇ ತಿಳಿಯಲಿಲ್ಲ. ಸರ್ ತಟ್ಟೆ ಹಿಡಿದುಕೊಂಡೇ ಹೇಳಿದರು: "ತಾಯಿ, ನಾನು ಆವತ್ತು ನಿಮ್ಮ ಮೂಳೆ ಜರುಗಿದೆ ಅಂದಿದ್ದೆ. ಜರುಗಿರ್ಲಿಲ್ಲ."

"ನೀವು ಕೂರಿಸುದ್ರಲ್ಲ ಸಾರ್, ಅದಕ್ಕೆ ಸರಿಹೋಯ್ತು."

"ಅದು ಅದರ ಜಾಗದಲ್ಲೇ ಇತ್ತು. ನಾನೇನೂ ಕೂರಿಸಲಿಲ್ಲ. ಆಗ ನಾವು ಹಾಗೇ ಕಲ್ತಿದ್ವಿ, ಹಾಗೇ ಹೇಳ್ತಿದ್ವಿ. ಅದು ತಪ್ಪು ಅಂತ ಈಗ ಗೊತ್ತಾಗಿದೆ."

ಅಮ್ಮ ನನ್ನ ಮುಖ ನೋಡಿದಳು, ನಾನೇ ಏನೋ ತಮಾಷೆಗೆ ಹೇಳಿಕೊಟ್ಟಿದ್ದೇನೆಯೇ ಎಂಬಂತೆ. ಆಮೇಲೆ ಒಂದೊಂದೇ ಕೇಳತೊಡಗಿದಳು.

"ಅಂಗಾರೆ ಬಗ್ಗಬೌದಿತ್ತಾ?"

"ಬಗ್ಗಬಹುದಿತ್ತು."

"ಬಿಂದಿಗೆ?"

"ಸ್ವಲ್ಪ ಸ್ವಲ್ಪವಾಗಿ ಅದನ್ನೂ ಎತ್ತಬಹುದಿತ್ತು."

ಅವಳು ನನ್ನ ಕಡೆ ನೋಡದೆ ಗಲ್ಲದಿಂದ ನನ್ನನ್ನು ತೋರಿಸಿದಳು. "ಇವಳನ್ನ ಎತ್ಕೊಂಡಿದ್ರೆ ಏನಾಯ್ತಿತ್ತು ಸಾರ್?"

"ನೋವಾಗ್ತಿತ್ತೇನೋ ತಾಯಿ. ಅಷ್ಟೆ."

"ನೋವಾ" ಎಂದಳು ಅಮ್ಮ. "ನೋವಾಯ್ತದೆ ಅಂತ ನಾನು ಬುಟ್ಟಿರ್ಲಿಲ್ಲ ಸಾರ್. ಕಾಲು ಬಿದ್ದೋದ್ರೆ ಮಗೀನ ಯಾರು ನೋಡ್ಕೊತಾರೆ ಅಂತ ಬುಟ್ಟಿದ್ದೆ. ಬರೀ ನೋವು ಅಂದಿದ್ರೆ ಎತ್ಕೊತಿದ್ದೆ" ಎಂದಳು.

ಸರ್ ಚಮಚವನ್ನು ತಟ್ಟೆಯ ಅಂಚಿಗಿಟ್ಟರು. ಕೊನೆಗೆ ಅಮ್ಮನೇ "ಆರೋಯ್ತದೆ, ತಿನ್ನಿ ಸಾರ್" ಎಂದಳು. ಅವರು ತಲೆ ಬಗ್ಗಿಸಿಕೊಂಡು ಆ ಉಪ್ಪಿಟ್ಟನ್ನು ಒಂದು ಕಾಳು ಬಿಡದೆ ತಿಂದರು.

ನನ್ನ ಹಳೆಯ ತೀರ್ಪು ಅಲ್ಲೇ ಬಿದ್ದುಹೋಯಿತು. ಬೇಡವಾಗಿ ಎತ್ತಿಕೊಳ್ಳಲಿಲ್ಲ ಎಂದು ನಾನು ತಿಳಿದಿದ್ದವಳು, ನನಗಾಗಿಯೇ ಎತ್ತಿಕೊಳ್ಳದೆ ಇದ್ದವಳು. ಸಂತೋಷಪಡಬೇಕಾದ ಸಂಗತಿಯೇ. ಆದರೆ ನನ್ನ ಕೈಗೆ ಅದು ಬಂದ ಗಳಿಗೆಯಲ್ಲೇ ಅವಳ ಕೈಯಿಂದ ಏನೋ ಹೋಯಿತು. ಕೆಲವು ದಿನ ಅವಳು ನನ್ನೊಡನೆ ಹೆಚ್ಚು ಮಾತಾಡಲಿಲ್ಲ. ಒಂದು ಸಂಜೆ ಬಟ್ಟೆ ಮಡಿಸುತ್ತಾ ಕೇಳಿದಳು.

"ಅವರ ಬಾಯಲ್ಲಿ ಅದನ್ನ ಯಾಕೆ ಹೇಳಿಸ್ದೆ?"

"ನಿಜ ಗೊತ್ತಾಗ್ಲಿ ಅಂತ."

"ಕಾಯ್ಲೆ ಇತ್ತು, ಅದಕ್ಕೆ ಎತ್ಕೊಳಕ್ಕಾಗ್ಲಿಲ್ಲ ಅಂತ ಇದ್ದೆ ಕಣೇ. ಈಗ ಎತ್ಕೊಬೌದಿತ್ತು ಅಂತಾಯ್ತಲ್ಲ. ಇದನ್ನ ನಾನು ಎಲ್ಲಿ ಮಡಗ್ಲಿ?"

ಎದುರಾಳಿಯ ವಾದದಲ್ಲಿ ಗಟ್ಟಿಯಾದದ್ದು ಯಾವುದೋ ಅದನ್ನೇ ಮೊದಲು ಹಿಡಿಯಬೇಕೆಂದು ನಮಗೆ ಚರ್ಚೆಯಲ್ಲಿ ಕಲಿಸುತ್ತಿದ್ದರು. ಹಿಡಿದೆ. ಅದು ಅಲುಗಲಿಲ್ಲ. ಸಂಶೋಧನೆಯ ವರದಿಗಳಲ್ಲಿ ನೋವು ಎಷ್ಟು ತಗ್ಗಿತು, ಎಷ್ಟು ದೂರ ನಡೆದರು, ಕೆಲಸಕ್ಕೆ ಯಾವಾಗ ಮರಳಿದರು ಎಂದೆಲ್ಲ ಅಳೆದಿರುತ್ತಾರೆ. ಅಮ್ಮನ ಪ್ರಶ್ನೆಯನ್ನು ಅಳೆದ ವರದಿಯನ್ನು ನಾನು ಇನ್ನೂ ಓದಿಲ್ಲ. ಹೇಳಿಸಿದ್ದು ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಸರಿಯಾದುದನ್ನು ಮಾಡಿದ ಮೇಲೂ ಮನಸ್ಸು ಹೀಗೆ ಭಾರವಾಗಿರಬಹುದೆಂದು ಮಾತ್ರ ನನಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು ಸಂಗತಿ ನಾನು ಎಣಿಸಿರಲಿಲ್ಲ. ವಿಷಯ ತಿಳಿದ ಮೇಲೂ ಅಮ್ಮ ಬಗ್ಗಲಿಲ್ಲ. ನೆಲದ ಮೇಲಿನ ಚಮಚಕ್ಕೂ ಅವಳ ಕೈ ತಾನಾಗಿ ಗೋಡೆ ಹುಡುಕುತ್ತಿತ್ತು. "ಈಗ ಗೊತ್ತಾಯ್ತಲ್ಲಮ್ಮ" ಎಂದು ನಾನು ರೇಗಿದರೆ, "ನಂಗೆ ಗೊತ್ತಾಯ್ತು. ಬೆನ್ನಿಗೆ ಯಾರು ಹೇಳ್ತಾರೆ?" ಎಂದಳು.

ಹಾಗಾಗಿ ಈಗ ಬೆಳಗ್ಗೆ ಕೆಲಸಕ್ಕೆ ಹೊರಡುವ ಮೊದಲು ನಾನು ಅವಳ ಸೊಂಟದ ಮೇಲೆ ಅಂಗೈ ಇಟ್ಟು ನಿಲ್ಲುತ್ತೇನೆ. ಒತ್ತುವುದಿಲ್ಲ, ಏನನ್ನೂ ಕೂರಿಸುವುದಿಲ್ಲ. ಅವಳು ಬಗ್ಗುತ್ತಾಳೆ. ಕೈಯ ಕೆಳಗೆ ಮಾಂಸಖಂಡ ಮೊದಲು ಹಲಗೆಯಂತೆ ಬಿಗಿಯುತ್ತದೆ, ಕಾದರೆ ಸಡಿಲವಾಗುತ್ತದೆ. ಅರ್ಧ ತುಂಬಿದ ಬಿಂದಿಗೆಯವರೆಗೆ ಬಂದಿದ್ದೇವೆ.

ಈ ವಾರ ಕ್ಲಿನಿಕ್ಕಿಗೆ ಒಬ್ಬಳು ಚಿಕ್ಕ ವಯಸ್ಸಿನ ತಾಯಿ ಬಂದಿದ್ದಳು. ಮಗು ಅವಳ ಅತ್ತೆಯ ತೊಡೆಯ ಮೇಲಿತ್ತು. "ಎತ್ಕೋಬಹುದಾ ಮೇಡಂ? ಎಲ್ಲರೂ ಬೇಡ ಅಂತಾರೆ" ಎಂದಳು. ಎಲ್ಲರೂ ಅಂದರೆ ಯಾರ್ಯಾರು ಎಂದು ನಾನು ಕೇಳಲಿಲ್ಲ. ಚೆನ್ನಾಗಿ ಪರೀಕ್ಷೆ ಮಾಡಿದೆ, ಹೆದರಬೇಕಾದದ್ದು ಏನೂ ಕಾಣಲಿಲ್ಲ.

"ಎತ್ಕೊಳಿ" ಎಂದೆ.

"ಈಗ್ಲಾ?"

"ಈಗ್ಲೇ. ನನ್ನ ಕೈ ಇಲ್ಲೇ ಇರುತ್ತೆ."

ಅವಳು ಬಗ್ಗಿದಳು, ಎತ್ತಿಕೊಂಡಳು. "ಒಸಿ ನೋಯ್ತಿದೆ ಮೇಡಂ" ಎಂದಳು. ಇಳಿಸಲಿಲ್ಲ.

ಸಂಜೆ ಮನೆಗೆ ಬಂದು ಇದನ್ನು ಹೇಳಬೇಕೋ ಬೇಡವೋ ಎಂದು ಯೋಚಿಸಿ, ಹೇಳಿದೆ. ಅಮ್ಮ ಅಕ್ಕಿ ತೊಳೆಯುತ್ತಿದ್ದಳು.

"ಎತ್ಕೊಂಡ್ಲಾ?"

"ಎತ್ಕೊಂಡ್ಲು."

"ಯಾವ ಕಡೆ ಕಂಕುಳಲ್ಲಿ?"

ನೆನಪು ಮಾಡಿಕೊಳ್ಳಬೇಕಾಯಿತು. "ಎಡಗಡೆ" ಎಂದೆ.

ಅಮ್ಮ ಅಕ್ಕಿಯ ನೀರು ಬಸಿದಳು. "ಎಡಗಡೇನೇ ಸರಿ. ಬಲಗೈ ಕೆಲ್ಸಕ್ಕೆ ಬೇಕಲ್ಲ" ಎಂದಳು, ಮನೆ ತುಂಬ ಮಕ್ಕಳನ್ನು ಎತ್ತಿ ಬೆಳೆಸಿದವಳ ಹಾಗೆ.