ಆಗಬೋಟಿನ ಹೊತ್ತು ಕಾಯುತ್ತಿದ್ದ ಅಕ್ಕು

ನಮ್ಮೂರು ಹಟ್ಟಿಯಂಗಡಿಯಲ್ಲಿ ಗಡಿಯಾರ ಬಾರಿಸಿದರೆ ಜನ ನಗುತ್ತಿದ್ದ ಕಾಲವೊಂದಿತ್ತು. ಆ ಗಡಿಯಾರ ಅಕ್ಕುವಿನ ಮನೆಯದು. ಊರಿಗೆಲ್ಲ ಹನ್ನೊಂದಾದಾಗ ಅದು ಹನ್ನೆರಡು ಬಾರಿಸುತ್ತಿತ್ತು. "ಅಕ್ಕು ನಮ್ಗಿಂತ ಮುಂಚೆ ಮುದ್ಕಿ ಆತ್ಲ್ ಕಾಣಿ" ಎಂದು ಹೊಳೆಗೆ ಬಟ್ಟೆ ಒಗೆಯಲು ಬಂದ ಹೆಂಗಸರು ಆಡಿಕೊಳ್ಳುತ್ತಿದ್ದರು. ಅಕ್ಕು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಾನು ಅವಳ ಪಕ್ಕದ ಮನೆಗೆ ಸೊಸೆಯಾಗಿ ಬಂದವಳು. ಇಬ್ಬರ ನಡುವೆ ಇದ್ದದ್ದು ಒಂದು ದಾಸವಾಳದ ಬೇಲಿ. ಆ ಮನೆಯಲ್ಲಿ ನಡೆದದ್ದನ್ನೆಲ್ಲ ಕಣ್ಣಾರೆ ಕಂಡವಳು ನಾನು. ಅದಕ್ಕೇ ಈಗ ಯಾರಾದರೂ ಅವಳ ತಮ್ಮ ಕೃಷ್ಣಯ್ಯನನ್ನು ದೊಡ್ಡ ಮನುಷ್ಯ ಎಂದರೆ ನನಗೆ ಮೈ ಉರಿಯುತ್ತದೆ.

ಆಗ ಯುದ್ಧದ ಕಾಲ. ಸರ್ಕಾರ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಲು ಹೇಳಿತ್ತು. ಕುಂದಾಪುರದ ಕೋರ್ಟು, ಪೋಸ್ಟಾಫೀಸು, ಮುಂಬಯಿಯಿಂದ ಬರುವ ಆಗಬೋಟು ಎಂಬ ಉಗಿಹಡಗು, ಎಲ್ಲ ಹೊಸ ಟೈಮಿಗೆ ಹೋದವು. ನಮ್ಮ ಗದ್ದೆ, ನಮ್ಮ ಹಟ್ಟಿ, ನಮ್ಮ ದೇವಸ್ಥಾನ ಹಳೆ ಟೈಮಿನಲ್ಲೇ ಉಳಿದವು. ಮಧ್ಯಾಹ್ನದ ಪೂಜೆಯನ್ನು ಒಂದು ಗಂಟೆ ಮುಂಚೆ ಮಾಡಬಹುದೇ ಎಂದು ಕೇಳಿದವರಿಗೆ ಅರ್ಚಕರು ಒಂದೇ ಮಾತು ಹೇಳಿ ಅಟ್ಟಿದ್ದರು: "ಗಣಪತಿಗೆ ಗೋರ್ಮೆಂಟ್ ಟೈಮ್ ಇಲ್ಲೆ."

ಅಕ್ಕುವಿಗೆ ಮಾತ್ರ ಎರಡೂ ಟೈಮು ಬೇಕಾಗಿತ್ತು; ಅವಳ ಗಡಿಯಾರ ಹಡಗಿನ ಟೈಮಿನಲ್ಲಿ ನಡೆಯುತ್ತಿತ್ತು. ಅದಕ್ಕೆ ಕಾರಣವಿತ್ತು. ಮಂಗಳೂರಿಗೆ ಹೋಗುವ ಆಗಬೋಟು ಗಂಗೊಳ್ಳಿಯ ಅಳಿವೆಯ ಆಚೆ ಲಂಗರು ಹಾಕಿ, ಸರಕು ಇಳಿಸಿ ಏರಿಸಿ, ಮಧ್ಯಾಹ್ನದ ಮೇಲೆ ಹೊರಡುತ್ತಿತ್ತು. ಅದರಲ್ಲಿ ಬರುವವರು ಹೆಚ್ಚಿನವರು ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವ ನಮ್ಮ ಕಡೆಯವರೇ. ನಮ್ಮೂರಿನ ಸಿದ್ಧಿವಿನಾಯಕನಿಗೆ ಹರಕೆ ಹೊತ್ತವರು, ಹಡಗು ನಿಂತಷ್ಟು ಹೊತ್ತಿನಲ್ಲಿ ಒಂದು ದರ್ಶನ ಮಾಡಿಬಿಡೋಣ ಎನ್ನುವವರು ಅವರಲ್ಲಿ ಇದ್ದೇ ಇರುತ್ತಿದ್ದರು. ಅಕ್ಕುವಿನ ತಮ್ಮ ಕೃಷ್ಣಯ್ಯ ಅವರನ್ನು ಹಡಗಿನಿಂದ ಬಂದವರು ಇಳಿಯುವ ದಕ್ಕೆಯಲ್ಲಿ ಕಂಡು, ಅಂಬಿಗ ಗುಡ್ಡನ ದೋಣಿಯಲ್ಲಿ ಹೊಳೆ ದಾರಿಯಾಗಿ ನಮ್ಮೂರಿಗೆ ಕರೆತರುತ್ತಿದ್ದ. ಹೊಳೆಯಲ್ಲಿ ಸ್ನಾನ, ದೇವರಿಗೆ ಪಂಚಕಜ್ಜಾಯ, ಅಕ್ಕುವಿನ ಮನೆಯಲ್ಲಿ ಊಟ, ಮತ್ತೆ ದೋಣಿ ಹತ್ತಿ ಹಡಗಿಗೆ.

ಕೇಳುವುದಕ್ಕೆ ಸುಲಭ. ಮಾಡಿದವರಿಗೇ ಗೊತ್ತು. ಮುಂಬಯಿಯವರ ಕೈಗಡಿಯಾರ ಆ ಪಟ್ಟಣದ್ದೇ ಬೇರೊಂದು ಹೊತ್ತು ತೋರಿಸುತ್ತಿತ್ತು; ಅದು ನಮ್ಮದೂ ಅಲ್ಲ, ಹಡಗಿನದೂ ಅಲ್ಲ. ದೇವಸ್ಥಾನದ ಊಟಕ್ಕೆ ಕಾದರೆ ಹಡಗು ತಪ್ಪಿತು ಎಂದೇ ಲೆಕ್ಕ. ಪೂಜೆಯ ಗಂಟೆ ಬಾರಿಸುವ ಮುಂಚೆ ನಮ್ಮೂರಿನಲ್ಲಿ ಯಾರೂ ಎಲೆ ಹಾಕುವ ಪದ್ಧತಿಯಿಲ್ಲ. ಅಕ್ಕು ಅದನ್ನೂ ಮುರಿದಳು. ನಸುಕಿಗೇ ಎದ್ದು ಅಡುಗೆ ಮಾಡಿ, ಮನೆದೇವರಿಗೆ ತಾನೇ ನೈವೇದ್ಯ ತೋರಿಸಿ, ಬಂದವರನ್ನು ಕೂರಿಸಿ ಬಡಿಸುತ್ತಿದ್ದಳು. ಅರ್ಚಕರು ಕೆಲವು ತಿಂಗಳು ಅವಳ ಮನೆಯತ್ತ ಮುಖ ತಿರುಗಿಸಿಯೂ ನೋಡಲಿಲ್ಲ. "ನಂಬಿ ಬಂದವ್ರನ್ನ ಹಡ್ಗ್ ತಪ್ಸಿ ನಿಲ್ಸುಕಿಂತ ದೊಡ್ಡ ಪಾಪವಾ ಇದ್?" ಎಂದು ಅಕ್ಕು ನನ್ನನ್ನು ಕೇಳಿದ್ದಳು. ಬಂದವರಿಗೂ ಅವಳದ್ದು ಒಂದೇ ಅಪ್ಪಣೆ: "ನಿಮ್ಮ ವಾಚ್ ಕಿಸೆಗ್ ಹಾಯ್ಕಣಿ. ಇಲ್ಲಿದ್ದಷ್ಟ್ ಹೊತ್ ನನ್ನ ಗಡಿಯಾರ ಕಂಡ್ರೆ ಸಾಕ್." ಅದು ಹನ್ನೆರಡು ಬಾರಿಸಿದ ಕೂಡಲೇ ಅವಳು ಹಿತ್ತಲಿಗೆ ಬಂದು "ಗುಡ್ಡಾ, ಹ್ವಾಯ್!" ಎಂದು ಕೂಗುತ್ತಿದ್ದಳು. ಆಗ ದೋಣಿ ಹೊರಡಬೇಕು. ದೇವಸ್ಥಾನದ ಗಂಟೆ ಕೇಳುವ ಹೊತ್ತಿಗೆ ಅವರು ಅಳಿವೆಯ ಹತ್ತಿರ ಇರುತ್ತಿದ್ದರು. ಅಕ್ಕುವಿನ ಮನೆಗೆ ಹೋದವರಿಗೆ ಆಗಬೋಟು ತಪ್ಪುವುದಿಲ್ಲ ಎಂಬ ಮಾತು ಮುಂಬಯಿಯ ಹೋಟೆಲಿನ ಅಡುಗೆಮನೆಗಳವರೆಗೆ ಮುಟ್ಟಿತ್ತು.

ಆ ಹೆಸರು ಬಿಟ್ಟರೆ ಅವಳಿಗೆ ಇದ್ದದ್ದೇನು? ಗಂಡ ಬೇಗ ತೀರಿಕೊಂಡು ತವರಿಗೆ ಬಂದವಳು. ತಮ್ಮನನ್ನು ಹೆತ್ತು ತಾಯಿ ಸತ್ತಾಗ ಮಗುವನ್ನು ಎತ್ತಿಕೊಂಡವಳು ಇವಳೇ. ದನದ ಹಾಲಿನಲ್ಲಿ ಬಟ್ಟೆ ಅದ್ದಿ ಬಾಯಿಗಿಟ್ಟು ಬದುಕಿಸಿದಳಂತೆ. ಗಡಿಯಾರ ಅವನೇ ತಂದದ್ದು. ಕುಂದಾಪುರದ ಯಾವುದೋ ಆಫೀಸಿನಿಂದ ಹಳೆಯದನ್ನು ಹೊತ್ತು ತಂದು, ನಡುಮನೆಯ ಗೋಡೆಗೆ ಹೊಡೆದು, ಅಕ್ಕನಿಗೆ ಮುಳ್ಳು ನೋಡಲು ಕಲಿಸಿದ. ಕೀಲಿ ಕೊಡುವುದು ಅವನ ಕೆಲಸ. ಬೇರೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಅಕ್ಕು ಧೂಳು ಒರೆಸಬೇಕಾದರೂ ಅವನು ಬರಲಿ ಎಂದು ಕಾಯುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಏಳು ಜನ ಬಂದರು. ಅವರಲ್ಲಿ ಮಂಜಯ್ಯ ಎಂಬವರು, ನಡುವಯಸ್ಸಿನವರು. ತಂಗಿಯ ಮಗಳಿಗೆ ಮರುದಿನ ಬೆಳಿಗ್ಗೆ ಮಂಗಳೂರಿನಲ್ಲಿ ಮದುವೆ. ಹುಡುಗಿಗೆ ಅಪ್ಪ ಇಲ್ಲ. ಧಾರೆ ಎರೆದುಕೊಡಬೇಕಾದ ಸೋದರಮಾವ ಇವರೇ. ಹರಕೆಯ ತೆಂಗಿನಕಾಯಿ ಒಡೆದು ಹೋಗುತ್ತೇನೆ ಎಂದು ಇಳಿದಿದ್ದರು. ಧಾರೆ ಸೀರೆಯ ಟ್ರಂಕು ಹಡಗಿನಲ್ಲೇ ಇತ್ತು.

"ಹೊತ್ತಿಗ್ ಸರಿಯಾಯ್ ಮುಟ್ಟುವ ಅಲ್ದಾ, ಅಕ್ಕಮ್ಮ?" ಎಂದು ಅವರು ಮತ್ತೆ ಮತ್ತೆ ಕೇಳುತ್ತಿದ್ದರು.

"ನನ್ನ ಮನಿಗ್ ಬಂದ್ ಹಡ್ಗ್ ತಪ್ಸ್ಕಂಡವ್ರ್ ಯಾರೂ ಇಲ್ಲೆ. ನೀವ್ ನಿಶ್ಚಿಂತೆಯಲ್ ಉಣ್ಣಿ" ಎಂದಳು ಅಕ್ಕು.

ಅವರು ಸ್ನಾನಕ್ಕೆ ಹೊಳೆಗೆ ಇಳಿದಾಗ ಕೃಷ್ಣಯ್ಯ ನಡುಮನೆಯಲ್ಲಿ ಮಣೆಯ ಮೇಲೆ ನಿಂತು ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ. ತೆಂಗಿನಕಾಯಿ ತುರಿದುಕೊಡಲು ಹೋದ ನಾನೇ ಕಂಡೆ. ಆಮೇಲೆ ಕುಂದಾಪುರದಲ್ಲಿ ಕೆಲಸವಿದೆ ಎಂದು ಹೇಳಿ ಸಣ್ಣ ದೋಣಿಯಲ್ಲಿ ಮುಂಚೆಯೇ ಹೊರಟುಹೋದ. ಅದರಲ್ಲಿ ಯಾರಿಗೂ ಏನೂ ವಿಶೇಷ ಕಾಣಲಿಲ್ಲ.

ಊಟಕ್ಕೆ ಕೂತರು. ಗಡಿಯಾರ ನೋಡಿದರೆ ಹೊತ್ತು ಬೇಕಾದಷ್ಟಿತ್ತು. ಅಕ್ಕು ಪಾಯಸವನ್ನು ಎರಡನೇ ಸಲ ಬಡಿಸಿದಳು. ಮಂಜಯ್ಯನವರು ಎದ್ದು ಕೈ ತೊಳೆದು, ಹುಡುಗಿ ಸಣ್ಣವಳಿದ್ದಾಗ ಮಾಡುತ್ತಿದ್ದ ತಂಟೆ ಹೇಳಿ ನಗಿಸುತ್ತಿದ್ದರು. ಅಷ್ಟರಲ್ಲಿ ಗಡಿಯಾರ ಹನ್ನೆರಡು ಬಾರಿಸತೊಡಗಿತು. ಅದು ಬಾರಿಸುತ್ತಿದ್ದಂತೆಯೇ ದೇವಸ್ಥಾನದಲ್ಲಿ ಮಧ್ಯಾಹ್ನದ ಪೂಜೆಯ ಗಂಟೆಯೂ ಕೇಳಿತು.

ಅಕ್ಕುವಿನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಎರಡು ವರ್ಷದಲ್ಲಿ ಒಮ್ಮೆಯೂ ದೇವರ ಗಂಟೆ, ಅವಳ ಗಡಿಯಾರ ಒಟ್ಟಿಗೆ ಹನ್ನೆರಡು ಬಾರಿಸಿದ್ದಿಲ್ಲ. ಬಾರಿಸಲೂ ಬಾರದು. ಅವಳು ಗೋಡೆಯನ್ನು ನೋಡಿದಳು, ಅಂಗಳದ ಬಿಸಿಲನ್ನು ನೋಡಿದಳು, ಆಮೇಲೆ ನನ್ನ ಮುಖವನ್ನು ನೋಡಿದಳು.

"ಏಳಿ, ಏಳಿ! ದೋಣಿಗ್ ಹೋಯ್ನಿ!" ಎಂದು ಕೂಗಿದಳು.

ಅವಳೂ ದೋಣಿ ಹತ್ತಿದಳು. ಅವಳ ಕೈ ಹಿಡಿದುಕೊಂಡು ನಾನೂ ಹತ್ತಿದೆ. ಗುಡ್ಡ ಮೈಯೆಲ್ಲ ಬೆವರಿ ಬಿದಿರಿನ ಜಲ್ಲೆ ಊರಿ ದೋಣಿ ನೂಕಿದ. ನಡುವೆ ಒಮ್ಮೆ ತಲೆ ಎತ್ತದೆ ಹೇಳಿದ: "ನೀರ್ ಇಳುದ್ ಕಂಡಿದೆ, ಅಮ್ಮ. ತಡ ಆಯ್ತಲ ಅಂದೇಳಿ ಕಂಡ್ತ್. ಆರೆ ನಿಮ್ಮ ಗಡಿಯಾರ ಇತ್ತಲೆ ಅಂದೇಳಿ ಸುಮ್ನೆ ಕೂಕಂಡೆ." ಮಂಜಯ್ಯನವರು ದೋಣಿಯ ಮುಂದಿನ ತುದಿಯಲ್ಲಿ ನಿಂತೇ ಇದ್ದರು. ಅಳಿವೆ ಕಾಣುವ ತಿರುವಿಗೆ ಬಂದಾಗ ಹಡಗು ಕೂಗಿದ್ದು ಕೇಳಿಸಿತು. ಹೊಗೆ ತೆಂಕು ಮುಖವಾಗಿ ಹೋಗುತ್ತಿತ್ತು. ಸೀರೆ ಮಂಗಳೂರಿಗೆ ಹೋಯಿತು. ಧಾರೆ ಎರೆಯಬೇಕಾದವರು ಇಲ್ಲೇ ಉಳಿದರು.

ದೋಣಿ ಕುಂದಾಪುರದ ದಕ್ಕೆಗೆ ಮುಟ್ಟಿದಾಗ ಅಲ್ಲಿ ಕೃಷ್ಣಯ್ಯ ನಿಂತಿದ್ದ. ಪಕ್ಕದಲ್ಲಿ ಎರಡು ಎತ್ತಿನ ಗಾಡಿ. ಅಣ್ಣಯ್ಯ ಎಂಬವನು ಪೇಟೆಯಲ್ಲಿ ಹೊಸದಾಗಿ ಕೋಣೆಗಳಿರುವ ಹೋಟೆಲು ತೆರೆದಿದ್ದ, ಜನವಿಲ್ಲದೆ ಅದು ಖಾಲಿ ಹೊಡೆಯುತ್ತಿತ್ತು. ಗಾಡಿಗಳು ಅವನವು. "ಛೆ ಛೆ, ತಪ್ಪಿಯೇ ಹೋಯ್ತಾ? ಇನ್ನ್ ನಾಳೆ ಬಸ್ಸಿಗೇ ಸೈ. ಬನ್ನಿ, ಉಳ್ಕಂಬುಕೆ ಜಾಗ ಇತ್ತ್" ಎಂದು ಕೃಷ್ಣಯ್ಯ ಎಲ್ಲರನ್ನೂ ಗಾಡಿ ಹತ್ತಿಸಿದ. ನಾವೂ ಹಿಂದೆ ಹೋದೆವು. ಹೋಟೆಲಿನ ಒಳಗೆ ಏಳು ಚಾಪೆ ಹಾಸಿತ್ತು. ಏಳು ತಲೆದಿಂಬು ಇತ್ತು. ಹಡಗು ತಪ್ಪಿದ ಸುದ್ದಿ ನಮಗಿಂತ ಮುಂಚೆ ಆ ಚಾಪೆಗಳಿಗೆ ಹೇಗೆ ಗೊತ್ತಾಯಿತು ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಅಕ್ಕು ಬಾಗಿಲಲ್ಲೇ ನಿಂತಳು. "ಗಡಿಯಾರ ಹಿಂದೆ ತಿರ್ಗ್ಸಿದ್ದ್ ನೀನಾ, ಕೃಷ್ಣ?"

ಅವನು ಸುಳ್ಳು ಹೇಳಬಹುದಾಗಿತ್ತು. ಹೇಳಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಅವನು ಸ್ವರ ತಗ್ಗಿಸಿ ಹೇಳಿದ: "ಒಂದ್ ದಿನ ನಿಂತ್ರೆ ಎಂತ ಆತ್ತ್, ಅಕ್ಕ? ಕೋಣೆ ತುಂಬ್ರೆ ನನ್ನ ಪಾಲ್ದಾರ ಮಾಡ್ತೆ ಅಂದಿದ ಅಣ್ಣಯ್ಯ. ನಾ ಎಷ್ಟ್ ದಿನ ದೋಣಿಯಲ್ಲೇ ತಿರ್ಗುದ್? ನೀ ಹೇಳ್ರೆ ಯಾರೂ ಸಂಶಯ ಮಾಡುದಿಲ್ಲೆ, ಅದ್ಕೆ."

ಕೊನೆಯ ಮಾತು ಅವಳನ್ನು ಕೊಂದಿತು. ಅವಳ ಮೇಲೆ ಜನಕ್ಕಿದ್ದ ನಂಬಿಕೆಯನ್ನೇ ಅವನು ಬಲೆ ಮಾಡಿಕೊಂಡಿದ್ದ. ಹೊಡೆದಿದ್ದರೂ ಅವಳು ಅಷ್ಟು ಬಾಡುತ್ತಿರಲಿಲ್ಲ.

ಮಂಜಯ್ಯನವರಿಗೆ ಇದೇನೂ ಕೇಳಿಸಿರಲಿಲ್ಲ. ಅವರು ಜಗಲಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಅಕ್ಕು ಹತ್ತಿರ ಹೋದಳು. ತಮ್ಮ ಮಾಡಿದ್ದು ಎಂದು ಹೇಳಿಬಿಡುತ್ತಾಳೆ ಎಂದುಕೊಂಡೆ. ಹೇಳಲಿಲ್ಲ. ಕೈ ಮುಗಿದು ನಿಂತಳು ಅಷ್ಟೆ. ಅವರು ಸಿಟ್ಟಾಗಲಿಲ್ಲ.

"ನಿಮ್ಮ ಗಡಿಯಾರ ನಂಬಿದೆ, ಅಕ್ಕಮ್ಮ" ಎಂದರು.

ಆ ಹುಡುಗಿಯ ಧಾರೆಯನ್ನು ಯಾರೋ ದೂರದ ನೆಂಟರು ಎರೆದರು ಎಂದು ಆಮೇಲೆ ಗೊತ್ತಾಯಿತು. ಮಂಜಯ್ಯನವರು ಬಸ್ಸು, ದೋಣಿಯ ಕಡವು, ಮತ್ತೆ ಬಸ್ಸು ಎಂದು ಮುಟ್ಟುವಾಗ ಚಪ್ಪರದಲ್ಲಿ ಜನ ಉಂಡೆದ್ದು ಎಲೆ ತೆಗೆಯುತ್ತಿದ್ದರಂತೆ.

ಮರುದಿನ ಅಕ್ಕು ಗೋಡೆಯಿಂದ ಗಡಿಯಾರ ಇಳಿಸಿದಳು. ಗುಡ್ಡನ ದೋಣಿಯಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಹೋಗಿ ಅಣ್ಣಯ್ಯನ ಹೋಟೆಲಿನ ಮೇಜಿನ ಮೇಲೆ ಇಟ್ಟು ಬಂದಳು. ಅಂದಿನಿಂದ ಹಡಗಿನ ಜನ ಅವಳ ಮನೆಗೆ ಬರಲಿಲ್ಲ. ಬಂದ ಒಬ್ಬಿಬ್ಬರನ್ನೂ ಅವಳು ದೇವಸ್ಥಾನದ ಊಟಕ್ಕೆ ಕಳಿಸಿದಳು. ಮಧ್ಯಾಹ್ನದ ಗಂಟೆ ಬಾರಿಸಿದ ಮೇಲೆ ಊರಿನ ಎಲ್ಲರಂತೆ ಎಲೆ ಹಾಕಿಕೊಂಡು ಉಂಡಳು. ಅರ್ಚಕರು ಮತ್ತೆ ಮಾತನಾಡಿಸತೊಡಗಿದರು.

ಯುದ್ಧ ಮುಗಿಯಿತು. ಸರ್ಕಾರ ಆ ಒಂದು ಗಂಟೆಯನ್ನು ವಾಪಸು ತೆಗೆದುಕೊಂಡಿತು. ಕೃಷ್ಣಯ್ಯ ಅಷ್ಟು ಹೊತ್ತಿಗೆ ಪಾಲುದಾರನಾಗಿ, ಕೋಟು ಹಾಕಿ, ಚಿನ್ನದ ಬಣ್ಣದ ಕೈಗಡಿಯಾರ ಕಟ್ಟಿದ್ದ. ಹಣ್ಣು, ಸಿಹಿ ಹಿಡಿದುಕೊಂಡು ಅಕ್ಕನನ್ನು ನೋಡಲು ಬಂದ. "ಈಗ ಎಲ್ಲರಿಗೂ ಒಂದೇ ಟೈಮ್ ಅಲ್ದಾ, ಅಕ್ಕ. ಮತ್ತೆ ಶುರು ಮಾಡುವ" ಎಂದ. ಅಕ್ಕು ಅವನಿಗೆ ಬೆಲ್ಲ, ನೀರು ಕೊಟ್ಟಳು. ಬಯ್ಯಲಿಲ್ಲ. ಬಾಗಿಲು ಹಾಕಲಿಲ್ಲ. ಎತ್ತಿ ಸಾಕಿದ ಕೈ ಬಾಗಿಲು ಹಾಕುವುದು ಹೇಗೆ?

ಅವನು ಏಳುವಾಗ ಕೇಳಿದಳು: "ಎಷ್ಟ್ ಹೊತ್ತಾಯ್ತ್, ಕೃಷ್ಣ?"

ಅವನು ಖುಷಿಯಿಂದ ತೋಳು ಮೇಲೆ ಸರಿಸಿ, ಕೈಗಡಿಯಾರ ನೋಡಿ ಹೇಳಿದ. ಅಕ್ಕು ಎದ್ದು ಅಂಗಳಕ್ಕೆ ಹೋಗಿ, ಹಣೆಗೆ ಕೈ ಅಡ್ಡ ಹಿಡಿದು ಸೂರ್ಯನನ್ನು ನೋಡಿ ಬಂದಳು. ಅವಳು ಸಾಯುವವರೆಗೆ ಅವನು ಬಂದಾಗಲೆಲ್ಲ ಹೀಗೇ ಕೇಳಿದಳು, ಅವನು ಹೇಳಿದ ಮೇಲೆ ಪ್ರತಿ ಸಲವೂ ಅಂಗಳಕ್ಕೆ ಹೋಗಿ ನೋಡಿ ಬಂದಳು.