ಕೊಂಡಿ ಹಾಕಿದ ಕೈ

ಆಗ ನನಗೆ ನಲವತ್ತೆರಡು. ನಲವತ್ತು ವರ್ಷದ ಹಿಂದಿನ ಮಾತು.

ನಾವು ಗುಳೇದಗುಡ್ಡದವರು, ಕುಪ್ಪಸದ ಖಣ ನೇಯುವವರು. ಮಗಳನ್ನು ಇಳಕಲ್ಲಿನ ಸೀರೆ ನೇಯುವ ಮನೆಗೆ ಕೊಟ್ಟಿದ್ದೆವು. ನಾಗರ ಪಂಚಮಿಗೆಂದು ತವರಿಗೆ ಬಂದವಳನ್ನು ದೀಪಾವಳಿ ದಾಟಿದರೂ ಕರೆಯಲು ಯಾರೂ ಬರಲಿಲ್ಲ. ಕೇಳಿಬರೋಣವೆಂದು ನಾನೂ ನನ್ನ ಗಂಡನೂ ಹೋದೆವು. ಅವಳನ್ನು ಕರೆಸಿಕೊಳ್ಳುತ್ತಾರೋ, ಬಿಡುತ್ತಾರೋ, ನಮಗೆ ಬೇಕಾದ ಮಾತು ಅಷ್ಟೇ.

ಅವರ ಪರವಾಗಿ ಮಾತಾಡಿದವನು ಅಳಿಯನ ದೊಡ್ಡಪ್ಪ. ಹುನಗುಂದದ ಕೋರ್ಟಿನ ಕಟ್ಟೆಯ ಮೇಲೆ ಕೂತು ಮಂದಿಯ ಜಗಳ ಬಗೆಹರಿಸಿ ನಾಲಿಗೆ ನುಣುಪಾದವನು.

"ಹುಡುಗಿ ನಮ್ಮಾಕಿ ಅಲ್ಲೇನ್ರಿ ಬೀಗರ? ನಾವೇನು ಬ್ಯಾಡಂದೀವೇನು? ಹಿಂದ ಮುಂದ ನೋಡಿ ಹೇಳಿ ಕಳಸ್ತೇವಿ."

"ಯಾವಾಗ್ರಿ?" ಎಂದೆ.

"ಎಲ್ಲಾ ಕೂಡಿ ಬರಬೇಕಲ್ರಿ ಬೀಗತಿ. ಚಾ ಕುಡೀರಿ, ಆರಿ ಹೋಗತೈತಿ."

ನನ್ನ ಗಂಡ ತಲೆಯಾಡಿಸಿದ. ನನಗೆ ಆ ಮಾತು ಸೇರಲಿಲ್ಲ. ಬೇಕಾಗಿದ್ದರೆ ದಿನ ಹೇಳುತ್ತಿದ್ದರು, ಬೇಡವಾಗಿದ್ದರೆ ಜಗಳ ತೆಗೆಯುತ್ತಿದ್ದರು. ಎರಡೂ ಮಾಡದೆ ಸಕ್ಕರೆ ಜಾಸ್ತಿ ಹಾಕಿ ಚಹಾ ಕೊಡುವವರನ್ನು ನಾನು ನಂಬುವುದಿಲ್ಲ.

ಅಳಿಯನ ತಾಯಿಯಾದ ಬೀಗತಿಯ ಹಿಂದೆ ಒಳಗೆ ಹೋದೆ. ಮಗ್ಗದ ಮೇಲೆ ಹೊಸ ಸೀರೆ ಇತ್ತು. ಇಳಕಲ್ ಸೀರೆಗೆ ಸೆರಗಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಒಡಲಿನ ಹಾಸು ಬೇರೆ. ಎಳೆಗೆ ಎಳೆ ಸಿಕ್ಕಿಸಿ ಕೂಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಒಬ್ಬರಿಂದ ಆಗುವ ಕೆಲಸವಲ್ಲ, ಎದುರಿಗೆ ಇನ್ನೊಬ್ಬರು ಕೂಡಬೇಕು. ಅಳಿಯನ ಎದುರು ಕೂಡುತ್ತಿದ್ದವಳು ನನ್ನ ಮಗಳು. ಬೀಗತಿಗಂತೂ ಕಣ್ಣು ಮಂಜು.

"ಕೊಂಡಿ ಯಾರ ಕಡೆಯಿಂದ ಹಾಕಿಸಿದ್ರಿ?"

"ಯಾರರ ಬರ್ತಾರ್ರಿ."

"ಯಾರರ ಅಂದ್ರ ಅವರಿಗೆ ಹೆಸರಿಲ್ಲೇನ್ರಿ?"

ಅವಳು ಒಲೆಯ ಕಡೆ ತಿರುಗಿದಳು. "ನನ್ನ ತಮ್ಮನ ಮಗಳ್ರಿ. ನಾಕ್ ದಿನ ಇರಾಕ ಬಂದಾಳ."

ತಮ್ಮನ ಮಗಳೆಂದರೆ ಇವಳ ಮಗನಿಗೆ ಕೊಟ್ಟು ತರುವ ವರಸೆ. ನನ್ನ ಮಗಳ ಜಾಗ ತುಂಬಲು ಹೊರಟಿದ್ದಾರೆಂದು ತಿಳಿಯಿತು.

ಬಸ್ಸಿನಲ್ಲಿ ಗಂಡ, "ಹೇಳಿ ಕಳಸ್ತೇವಿ ಅಂದಾರಲ್ಲ," ಎಂದ.

"ಏನಂತ ಹೇಳಿ ಕಳಸ್ತಾರ?"

"ನಿನಗ ಎಲ್ಲಾರ ಮ್ಯಾಲೂ ಸಂಶೆ."

"ನಿಮಗ ಚಾ ಕೊಟ್ಟವರೆಲ್ಲಾ ದೇವರು."



ಮಗಳಿಗೆ ಕಂಡದ್ದನ್ನು ಕಂಡ ಹಾಗೆಯೇ ಹೇಳಿದೆ. ಸಮಾಧಾನದ ಮಾತು ಸೇರಿಸಲಿಲ್ಲ. ಅವಳು ಕೈಯಲ್ಲಿದ್ದ ಲಾಳಿಯನ್ನು ಕೆಳಗಿಟ್ಟಳು.

"ಬ್ಯಾಡ ಅನ್ನೂದಿದ್ರ ನನ್ನ ಮಾರಿ ನೋಡಿ ಅನ್ಲಿ, ಅವ್ವಾ."

ಮರುದಿನ ಮುಂಜಾನೆ ಮೊದಲ ಬಸ್ಸಿಗೆ ಅವಳನ್ನೂ ಅವಳ ಟ್ರಂಕನ್ನೂ ಹತ್ತಿಸಿಕೊಂಡು ಇಳಕಲ್ಲಿಗೆ ಹೋದೆ. ದೊಡ್ಡಪ್ಪ ಬಾಗಿಲಲ್ಲೇ ನಕ್ಕು, "ಬರ್ರಿ, ಚಾ ಮಾಡಸ್ತೇನಿ," ಎಂದ. ನಾನು ನಿಲ್ಲಲಿಲ್ಲ. ಮಗಳನ್ನು ಒಳಗೆ ಕರೆದುಕೊಂಡು ಹೋಗಿ, ಮಗ್ಗದ ಬಳಿ ಅಳಿಯನ ಎದುರು ಅವಳ ಜಾಗದಲ್ಲಿ ಕೂಡಿಸಿ, ಟ್ರಂಕನ್ನು ಬೀಗತಿಯ ಕಾಲ ಹತ್ತಿರ ಇಟ್ಟೆ.