ಹಳೆಯ ಕಾರ್ಡಿಗೆ ಬೆಂಬಲವಿಲ್ಲ

ನಾನು ಹುಟ್ಟಾ ಪುಕ್ಕಲಿ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ, ಸ್ವಲ್ಪ ಭಯವಿದೆ ಅಷ್ಟೆ. ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡಲು ಲಿಫ್ಟಿನ ಹತ್ತಿರದಿಂದ ವಾಪಸು ಬರುತ್ತೇನೆ. ನೋಡಿ ಹೊರಟ ಮೇಲೆ, ಆ ಗಡಿಬಿಡಿಯಲ್ಲಿ ಬಾಗಿಲು ಹಾಕಿದೆನೋ ಇಲ್ಲವೋ ಎಂದು ಇನ್ನೊಮ್ಮೆ ಬರುತ್ತೇನೆ. ಈ ಪರದೇಶದಲ್ಲಿ ನಾವಿರುವ ಪಾಸಿರ್ ರಿಸ್, ಎಂಆರ್‌ಟಿ ಮೆಟ್ರೋ ರೈಲಿನ ಕೊನೆಯ ಸ್ಟೇಷನ್ನು. ಅಲ್ಲಿಂದ ರೈಲು ಹೊರಡುವುದೇ ಒಂದು ದಿಕ್ಕಿಗೆ. ಆದರೂ ಸರಿಯಾದ ರೈಲು ಹತ್ತಿದೆನೇ ಎಂದು ಬೋರ್ಡು ನೋಡದೆ ನಾನು ಕೂತವಳಲ್ಲ.

ಪುಣ್ಯಕ್ಕೆ ಈ ಗುಣಕ್ಕೇ ನನಗೆ ಸಂಬಳ ಬರುತ್ತದೆ. ಚಾಂಗಿ ಬಿಸಿನೆಸ್ ಪಾರ್ಕ್‌ನಲ್ಲಿರುವ ಒಂದು ಬ್ಯಾಂಕಿನ ಬ್ಯಾಕ್ ಆಫೀಸಿನಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ನನ್ನದು. ಬೇರೆಯವರು ಬರೆದದ್ದು ಎಲ್ಲಿ ಕೆಡಬಹುದು ಎಂದು ಬೆಳಗಿನಿಂದ ಸಂಜೆಯವರೆಗೆ ಹೆದರುತ್ತಾ ಕೂರಬೇಕು. ಮೈಸೂರಿನಲ್ಲಿದ್ದಾಗ ಇದೇ ಕೆಲಸವನ್ನು ಪುಕ್ಕಟೆ ಮಾಡುತ್ತಿದ್ದೆ.

ನಮ್ಮ ಹಿರಿಯರು ನವರಸಗಳ ಪಂಕ್ತಿಯಲ್ಲಿ ಭಯಾನಕಕ್ಕೂ ಒಂದು ಮಣೆ ಹಾಕಿದರು, ನಿಜ. ಆದರೆ ಉತ್ಸಾಹವನ್ನು ನಾಯಕನಿಗೆ ಎತ್ತಿಟ್ಟು, ಭಯವನ್ನು ಮಾತ್ರ ಹೆಂಗಸರಿಗೂ ನೀಚ ಪಾತ್ರಗಳಿಗೂ ಬಿಟ್ಟುಕೊಟ್ಟರು. ಭಯ ಯಾವುದರಿಂದ ಹುಟ್ಟುತ್ತದೆ ಎಂದರೆ ಪಾಳು ಮನೆ, ಕಾಡು, ಗೂಬೆಯ ಕೂಗು ಎಂದೆಲ್ಲ ಪಟ್ಟಿ ಕೊಟ್ಟರು. ‘ಅಪ್‌ಡೇಟ್ ಲಭ್ಯವಿದೆ’ ಎಂಬ ಪುಟ್ಟ ನೀಲಿ ಚೌಕ ಅವರ ಕಾಲಕ್ಕೆ ಇರಲಿಲ್ಲ. ಇದ್ದಿದ್ದರೆ ಧೀರೋದಾತ್ತ ನಾಯಕನೂ ಒಮ್ಮೆ ಹಣೆ ಒರೆಸಿಕೊಳ್ಳುತ್ತಿದ್ದ. ಆ ಚೌಕ ಕಂಡರೆ ನಾನು ‘ಆಮೇಲೆ ನೆನಪಿಸು’ ಎಂದು ಒತ್ತುತ್ತೇನೆ. ವರ್ಷಗಟ್ಟಲೆ ಒತ್ತಿದ್ದೇನೆ.

ಇಂಥವಳು ಹೋಗಿ ಹೋಗಿ ಅಪ್‌ಡೇಟ್ ಬರೆಯುವವರ ಗುಂಪಿಗೆ ಸೇರಿದ್ದು ಹೇಗೆ ಎಂದು ನೀವು ಕೇಳಬಹುದು. ವಿಡಿಯೋ ಎಡಿಟ್ ಮಾಡುವ ಒಂದು ಉಚಿತ ಸಾಫ್ಟ್‌ವೇರ್ ಇದೆ. ಅದು ಯಾವ ಕಂಪನಿಯದೂ ಅಲ್ಲ, ಊರೊಟ್ಟಿನ ಅಡುಗೆಯ ಹಾಗೆ. ಯಾರು ಬೇಕಾದರೂ ಒಳಗೆ ಬಂದು ಸೌಟು ಹಿಡಿಯಬಹುದು. ಆದರೆ ಬಡಿಸುವ ಮೊದಲು ಇನ್ನೊಬ್ಬರು ರುಚಿ ನೋಡಿ ಸೈ ಅನ್ನಬೇಕು. ಸೆಲೆಟಾರ್‌ನಲ್ಲಿ ವಿಮಾನ ರಿಪೇರಿ ಮಾಡುವ ನನ್ನ ಗಂಡ ಮಂಜುವಿಗೆ ಈ ಪದ್ಧತಿ ಬಹಳ ಹಿಡಿಸಿತು. “ನಮ್ಮಲ್ಲೂ ಅಷ್ಟೇ ಕಣೇ, ಬೋಲ್ಟ್ ಟೈಟ್ ಮಾಡಿದವನೇ ಚೆಕ್ ಮಾಡಿ ಸೈನ್ ಹಾಕೋ ಹಾಗಿಲ್ಲ” ಎಂದ. ಎರಡು ಸಹಿ ಇರುವ ಕಡೆ ಭಯ ಅರ್ಧಕ್ಕರ್ಧ ಕಡಿಮೆಯಾಗುತ್ತದೆ ಎಂದು ನಂಬಿ ನಾನು ಸೇರಿದೆ.

ನನ್ನ ಪಾಲಿಗೆ ಬಂದದ್ದು ಎನ್‌ಕೋಡಿಂಗ್. ಅಂದರೆ ವಿಡಿಯೋವನ್ನು ಚಿಕ್ಕದಾಗಿ ಕಟ್ಟಿ ಗಂಟು ಹಾಕುವ ಕೆಲಸ. ಇದು ನನಗೆ ಅರ್ಥವಾದದ್ದು ನನ್ನ ಅತ್ತೆಯ ಫೋನಿನಿಂದ. ಅವರು ಭಾನುವಾರ ಎಲ್ಲ ಸುದ್ದಿಯನ್ನೂ ಪೂರ್ತಿ ಹೇಳುತ್ತಾರೆ. ಸೋಮವಾರದಿಂದ “ಎಲ್ಲ ನಿನ್ನೆ ಥರಾನೇ, ಮಂಡಿನೋವು ಮಾತ್ರ ಎಡಗಡೆಗೆ ಬಂದಿದೆ” ಎಂದು ಬದಲಾದದ್ದನ್ನಷ್ಟೇ ಹೇಳಿ ಇಡುತ್ತಾರೆ. ವಿಡಿಯೋವನ್ನು ಕಟ್ಟುವುದೂ ಹೀಗೆಯೇ. ಒಂದು ಚಿತ್ರವನ್ನು ಪೂರ್ತಿ ಇಟ್ಟುಕೊಂಡು, ಮುಂದಿನವುಗಳಲ್ಲಿ ಬದಲಾದದ್ದನ್ನು ಮಾತ್ರ ಬರೆದುಕೊಳ್ಳುವುದು. ಏನು ಬದಲಾಯಿತು ಎಂದು ಹುಡುಕುವುದು ಬೆವರು ಹರಿಸುವ ಕೆಲಸ. ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಆ ಭಾರವನ್ನು ಅದು ಹೊತ್ತು ಬೇಗ ಮುಗಿಸುತ್ತದೆ.

ಹೊಸ ಕಾರ್ಡ್‌ಗಳು ಬಂದವು, ಅವಕ್ಕೆ ತಕ್ಕಂತೆ ಸಾಫ್ಟ್‌ವೇರ್ ಬದಲಾಗಬೇಕಿತ್ತು. ಬದಲಾಯಿಸಿದೆ. ಮನೆಯ ಹೊಸ ಕಂಪ್ಯೂಟರಿನಲ್ಲಿ ನೂರು ಸಲ ಓಡಿಸಿ ನೋಡಿದೆ. ಹಾಗೆ ಮಾಡುವಾಗ, ಹತ್ತು ವರ್ಷ ಹಿಂದಿನ ಕಾರ್ಡ್‌ಗಳಿಗೆಂದು ಯಾರೋ ಬರೆದಿದ್ದ ಗೋಜಲಾದ ಒಂದು ಭಾಗ ಅಡ್ಡ ಬರುತ್ತಿತ್ತು. ಅದನ್ನು ಕಿತ್ತುಹಾಕಿ, ಅಂಥ ಕಾರ್ಡ್ ಕಂಡರೆ ಕೆಲಸ ನಿಲ್ಲಿಸಿ ‘ಈ ಹಳೆಯ ಕಾರ್ಡಿಗೆ ಇನ್ನು ಬೆಂಬಲವಿಲ್ಲ’ ಎಂದು ತೋರಿಸುವಂತೆ ಒಂದು ಸಾಲು ಬರೆದೆ. ನನ್ನದನ್ನು ಪರಿಶೀಲಿಸುವವರು ಯಾವ ದೇಶದವರೋ, ಗಂಡೋ ಹೆಣ್ಣೋ ನನಗೆ ಗೊತ್ತಿಲ್ಲ. ಇದನ್ನೆಲ್ಲ ಈಗ ಯಾರು ಬಳಸುತ್ತಾರೆ ಎಂದು ನಾನು ಕೇಳಿದೆ. ಯಾರೂ ಇಲ್ಲ ಎಂದು ಅವರು ಸೈ ಅಂದರು. ಎರಡು ಸಹಿ ಬಿದ್ದವು.

ಅಪ್‌ಡೇಟ್ ಹೊರಟ ದಿನದಿಂದ ನನ್ನ ಊಟ ನಿದ್ದೆ ಕೆಟ್ಟಿತು. ಫೋನ್ ಟಿಣ್ ಅಂದರೆ ಎದೆ ಧಸಕ್ ಅನ್ನುತ್ತಿತ್ತು. ಎಲ್ಲಿಯೋ ಯಾರದೋ ಮದುವೆ ವಿಡಿಯೋ ಹಾಳಾಗಿರಬಹುದು, ಅವರು ನನ್ನನ್ನು ಅವರ ಭಾಷೆಯಲ್ಲಿ ಬೈಯುತ್ತಿರಬಹುದು. ಈ ‘ಯಾರೋ’ ಎಂಬವರು ನನ್ನ ಕಲ್ಪನೆಯಲ್ಲಿ ಯಾವಾಗಲೂ ದೂರದ ಹಿಮ ಬೀಳುವ ದೇಶದಲ್ಲಿರುತ್ತಿದ್ದರು.

ಒಂದು ಗುರುವಾರ ಬೆಳಿಗ್ಗೆ ಫೋನ್ ಬಂತು. ಪಕ್ಕದ ಬ್ಲಾಕಿನ ಸುಮತಿ ಆಂಟಿಯದು.

ಸುಮತಿ ಆಂಟಿ ಉಡುಪಿ ಕಡೆಯವರು, ಅರವತ್ತೆಂಟು ವಯಸ್ಸು, ಗಂಡನ ಜೊತೆ ಇಲ್ಲಿ ಮಗಳ ಮನೆಯಲ್ಲಿದ್ದಾರೆ. ಪರದೆ ಏನು ಕೇಳಿದರೂ ಹಿಂದುಮುಂದು ನೋಡದೆ ಯೆಸ್ ಒತ್ತುವವರು. ಅಂಕಲ್‌ಗೆ ಗ್ಲಾಕೋಮಾ. ಒಂದು ಕಣ್ಣು ಹೋಗಿ ಎಷ್ಟೋ ಕಾಲವಾಗಿದೆ, ಉಳಿದ ಕಣ್ಣಿಗೆ ಮರುದಿನ ಶುಕ್ರವಾರ ಆಪರೇಷನ್ ನಿಗದಿಯಾಗಿತ್ತು. ಇರುವ ದೃಷ್ಟಿ ಉಳಿಸಲು ಮಾಡುವುದು, ಆದರೆ ಇರುವುದೂ ಹೋಗಬಹುದು ಎಂದು ಡಾಕ್ಟರ್ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಆಂಟಿ ಹಳೆಯ ಕ್ಯಾಸೆಟ್‌ಗಳಿಂದ ಮಗಳ ಬಾಲ್ಯವನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡು, ಎರಡು ತಿಂಗಳಿಂದ ಗುಟ್ಟಾಗಿ ಒಂದು ವಿಡಿಯೋ ಜೋಡಿಸುತ್ತಿದ್ದರು. “ನೋಡುವುದಿದ್ದರೆ ಒಮ್ಮೆ ನೋಡಿಬಿಡಲಿ ಅಂತ” ಎಂದು ನನ್ನ ಬಳಿ ಹೇಳಿದ್ದರು. ಮಗಳ ಕಾಲೇಜು ಕಾಲದ ಲ್ಯಾಪ್‌ಟಾಪಿನಲ್ಲಿ ಆ ಉಚಿತ ಸಾಫ್ಟ್‌ವೇರ್ ಹಾಕಿಕೊಟ್ಟವಳು ನಾನೇ.

“ನಿನ್ನೆ ಅದು ಅಪ್‌ಡೇಟ್ ಬೇಕಾ ಅಂತ ಕೇಳಿತು, ನಾನು ಯೆಸ್ ಒತ್ತಿದೆ. ಈಗ ಎಂಥದೋ ಬರೆದು ನಿಂತಿದೆ, ಮುಂದೆ ಹೋಗುವುದಿಲ್ಲ. ಒಮ್ಮೆ ಬಾ ಮಾರಾಯ್ತಿ” ಎಂದರು.

ಆಫೀಸಿಗೆ ರಜೆ ಹೇಳಿ ಓಡಿದೆ. ಆ ದಿನ ಗ್ಯಾಸ್ ನೋಡಲು ವಾಪಸು ಬರಲಿಲ್ಲ. ಆಂಟಿಯ ಪರದೆಯ ಮೇಲೆ ನನ್ನದೇ ಸಾಲು, ನಾನೇ ಇಟ್ಟ ಪೂರ್ಣವಿರಾಮದ ಸಮೇತ, ನನ್ನನ್ನು ನೋಡುತ್ತಾ ನಿಂತಿತ್ತು.

“ಯಾರು ಬರೆದದ್ದೋ! ಹಳೆಯವರಿಗೆ ಬೆಂಬಲ ಇಲ್ಲವಂತೆ. ನಮ್ಮ ವಯಸ್ಸು ಇವರಿಗೆ ಯಾರು ಹೇಳಿದ್ದು?” ಎಂದು ಆಂಟಿ ನಕ್ಕರು. ಸಾಫ್ಟ್‌ವೇರಿನ ಹಳೆಯ ಆವೃತ್ತಿಗೆ ಮರಳೋಣವೆಂದರೆ, ಹೊಸದರಲ್ಲಿ ಒಮ್ಮೆ ಉಳಿಸಿದ ಕೆಲಸ ಹಳೆಯದರಲ್ಲಿ ತೆರೆಯುವುದಿಲ್ಲ. ಎಲ್ಲವನ್ನೂ ನನ್ನ ಕಂಪ್ಯೂಟರಿಗೆ ಸಾಗಿಸೋಣವೆಂದರೆ, ತುಣುಕುಗಳು ಮೂರು ಪೆನ್ ಡ್ರೈವ್, ಒಂದು ಫೋನ್, ಒಂದು ಡಿಸ್ಕ್‌ನಲ್ಲಿ ಹರಡಿದ್ದವು. ಎತ್ತಿಡುವಾಗ ಒಂದು ಕೊಂಡಿ ತಪ್ಪಿದರೂ ಎರಡು ತಿಂಗಳ ಜೋಡಣೆ ಚೆಲ್ಲಾಪಿಲ್ಲಿ. ಉಳಿದದ್ದು ಒಂದೇ ದಾರಿ: ಕಾರ್ಡಿನ ಹಂಗು ಬಿಟ್ಟು ಕಂಪ್ಯೂಟರಿನ ಮಾಮೂಲಿ ಬುದ್ಧಿಯಿಂದಲೇ ನಿಧಾನವಾಗಿ ಕಟ್ಟಿಸುವುದು. ಸೆಟ್ಟಿಂಗ್ ಬದಲಾಯಿಸಿ ಒತ್ತಿದೆ. ಏಳು ಗಂಟೆ ಬೇಕು ಎಂದು ತೋರಿಸಿತು.

ಅರ್ಧ ಗಂಟೆಯಲ್ಲಿ ಲ್ಯಾಪ್‌ಟಾಪ್ ಕಾದ ಹೆಂಚಾಯಿತು. ಬಿಸಿಗೆ ತಾನಾಗಿ ಆಫ್ ಆದರೆ ಮೊದಲಿನಿಂದ ಶುರು. ಅಷ್ಟು ಹೊತ್ತು ನಮ್ಮಲ್ಲಿರಲಿಲ್ಲ. ಆಂಟಿ ಅಡುಗೆಮನೆಯಿಂದ ಇಡ್ಲಿ ತಟ್ಟೆ ತಂದು, ಅದನ್ನು ಬೋರಲು ಹಾಕಿ, ತೂತುಗಳಿಂದ ಗಾಳಿಯಾಡುವಂತೆ ಲ್ಯಾಪ್‌ಟಾಪನ್ನು ಮೇಲೆ ಕೂರಿಸಿ ಟೇಬಲ್ ಫ್ಯಾನ್ ತಿರುಗಿಸಿದರು. ಅದು ಒಂದೇ ಸಮನೆ ಗುಂಯ್‌ಗುಟ್ಟುತ್ತಿತ್ತು. ಒಳಕೋಣೆಯಿಂದ ಅಂಕಲ್, “ಸುಮತೀ, ಮಿಕ್ಸಿಯಲ್ಲಿ ಎಂಥ ರುಬ್ಬುವುದು ಬೆಳಗಿನಿಂದ?” ಎಂದು ಕೇಳಿದರು. “ಕೊಬ್ಬರಿ” ಎಂದರು ಆಂಟಿ.

ನೂರರಲ್ಲಿ ನಲವತ್ತು ಆದಾಗ ನನಗೆ ತಡೆಯಲಾಗಲಿಲ್ಲ. “ಆಂಟಿ, ಆ ಸಾಲು ಬರೆದವಳು ನಾನೇ. ಹಳೇ ಕಾರ್ಡ್ ಯಾರೂ ಯೂಸ್ ಮಾಡಲ್ಲ ಅಂದ್ಕೊಂಡೆ” ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಅವರು ಫ್ಯಾನನ್ನು ಲ್ಯಾಪ್‌ಟಾಪಿನ ಕಡೆ ಇನ್ನಷ್ಟು ಸರಿಸಿದರು.

“ಆಯ್ತು ಬಿಡು, ನೀನು ಓಡಿ ಬಂದೆಯಲ್ಲ” ಎಂದರು. “ಆದರೆ ನನ್ನ ಹಾಗೆ ಬೇರೆ ಕಡೆಯೂ ಯಾರಾದರೂ ಇರಬಹುದಲ್ವಾ? ಅವರ ಪಕ್ಕದ ಬ್ಲಾಕಲ್ಲಿ ನೀನಿಲ್ಲ.”

ಮನೆಗೆ ಹೋಗಿ ನನ್ನ ಲ್ಯಾಪ್‌ಟಾಪ್ ತಂದು, ಆಂಟಿಯ ಊಟದ ಮೇಜಿನ ಮೇಲೆಯೇ, ಕಿತ್ತುಹಾಕಿದ್ದ ಹಳೆಯ ಭಾಗವನ್ನು ಮತ್ತೆ ಹೊಂದಿಸಲು ಕೂತೆ. ಕಾರ್ಡ್ ಕೈಕೊಟ್ಟರೆ ನಿಲ್ಲದೆ ನಿಧಾನದ ದಾರಿಯನ್ನು ತಾನೇ ಹಿಡಿಯುವಂತೆಯೂ ಬರೆದೆ. ನಡುವೆ ನೀರುದೋಸೆ ಬಂತು. ಹೆದರಿಕೊಂಡೇ ನಾಲ್ಕು ತಿಂದೆ.

ಸಂಜೆ ಐದಕ್ಕೆ ವಿಡಿಯೋ ಮುಗಿಯಿತು. ಅಂಕಲ್‌ರನ್ನು ಟೀವಿಯಿಂದ ಒಂದಡಿ ದೂರದಲ್ಲಿ ಕುರ್ಚಿ ಹಾಕಿ ಕೂರಿಸಿದೆವು. ಮಲ್ಪೆಯ ಮರಳಿನಲ್ಲಿ ನಾಲ್ಕು ವರ್ಷದ ಮಗಳು ಅಲೆ ಬಂದಾಗಲೆಲ್ಲ ಹೆದರಿ ಓಡುತ್ತಿದ್ದಳು. ಕ್ಯಾಸೆಟ್ ಹಳತಾಗಿ ಬಣ್ಣವೆಲ್ಲ ಹೋಗಿತ್ತು. ನನ್ನ ಎರಡು ನೆಟ್ಟಗಿನ ಕಣ್ಣಿಗೆ ಎಲ್ಲವೂ ಬೂದು. ಅಂಕಲ್ ಮಾತ್ರ, “ಆ ಹಸಿರು ಫ್ರಾಕು, ನೀನೇ ಹೊಲಿದದ್ದು” ಎಂದರು. ಆಂಟಿ ಟೀವಿಯ ಕಡೆ ನೋಡುತ್ತಲೇ ಇರಲಿಲ್ಲ, ಗಂಡನ ಮುಖ ನೋಡುತ್ತಿದ್ದರು.

ಹೊರಡುವಾಗ ಬಾಗಿಲ ಹತ್ತಿರ ಅವರು ನನ್ನ ಕೈ ಹಿಡಿದರು. ಅವರ ಕೈ ತಣ್ಣಗಿತ್ತು. “ನಾನು ಎಲ್ಲದಕ್ಕೂ ಯೆಸ್ ಒತ್ತುವುದು ಧೈರ್ಯದಿಂದ ಅಲ್ಲ ಮಾರಾಯ್ತಿ. ಆಸ್ಪತ್ರೆಯ ಕಾಗದಕ್ಕೂ ಹಾಗೇ ಸೈನ್ ಹಾಕಿದ್ದು. ಓದಲಿಕ್ಕೆ ಹೋದರೆ ಕೈ ಬರುವುದಿಲ್ಲ” ಎಂದರು. ಇಷ್ಟು ವರ್ಷ ನಾನು ಅವರ ಎದೆಗಾರಿಕೆಗೆ ಹೊಟ್ಟೆಕಿಚ್ಚು ಪಟ್ಟಿದ್ದೆ.

ಆಪರೇಷನ್ ಆಗಿ ಮೂರು ವಾರ ಕಳೆದಿದೆ. ಅಂಕಲ್‌ಗೆ ಬೆಳಕು ಕಾಣುತ್ತದೆ, ಎದುರಿಗೆ ಬಂದವರ ಆಕಾರ ಕಾಣುತ್ತದೆ. ಮುಖ ಕಾಣಲು ಇನ್ನೂ ಕಾಯಬೇಕು, ಕಾಯ್ದರೂ ಖಾತ್ರಿಯಿಲ್ಲ ಎಂದಿದ್ದಾರೆ ಡಾಕ್ಟರ್. ನಾನು ತಿದ್ದಿದ್ದಕ್ಕೂ ಎರಡನೆಯ ಸಹಿ ಬಿದ್ದು ನಿನ್ನೆ ಅದು ಹೊರಟಿತು. ಇಂದು ಬೆಳಿಗ್ಗೆ ಆಂಟಿಯ ಫೋನ್.

“ಪುನಃ ಅಪ್‌ಡೇಟ್ ಕೇಳ್ತಾ ಉಂಟು. ಇದು ನೀನು ಬರೆದದ್ದಾ?”

“ಹೌದು ಆಂಟಿ, ನಂದೇ” ಎಂದೆ. ಇನ್ನು ಇವರು ಜನ್ಮದಲ್ಲಿ ಒತ್ತುವುದಿಲ್ಲ ಎಂದುಕೊಂಡೆ.

“ಹಾಗಾದರೆ ಬಾ” ಎಂದರು. “ನೀನೂ ಪಕ್ಕದಲ್ಲಿ ಕೂತು ಹೆದರು. ನಾನು ಒತ್ತುತ್ತೇನೆ.”